ಕಾಲವನ್ನು ದಾಟಿದ ಹುಡುಗ ಮತ್ತು ಗ್ರಾನ್ ಪ್ರೇಯ ದೇವಾಲಯ



ಇಂದಿನ ಕಾಲದ ಹದಿಹರೆಯದ ಹುಡುಗನೊಬ್ಬ ಅಜ್ಜಿಯ ಮನೆಯ ಅಟ್ಟದಲ್ಲಿ ಹಳೆಯ ಪೆಟ್ಟಿಗೆಯೊಂದನ್ನು ತೆರೆಯುತ್ತಾನೆ. ಒಳಗಿರುವ ಜಪಸರವನ್ನೋ ಪದಕವನ್ನೋ ಮುಟ್ಟುತ್ತಾನೆ. ಕಣ್ಣು ಕತ್ತಲೆಯಾಗಿ, ಮತ್ತೆ ತೆರೆದಾಗ ಅವನು ಇನ್ನೂರೈವತ್ತು ವರ್ಷ ಹಿಂದಿನ ಊರೊಂದರಲ್ಲಿ ನಿಂತಿರುತ್ತಾನೆ. ಇಂಥ ಕಥೆಗಳನ್ನು ನಿಮ್ಮ ಮಕ್ಕಳು ಓದಿರುತ್ತಾರೆ. ನಮ್ಮ ಧರ್ಮಕೇಂದ್ರಗಳ ಹಲವು ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಇಂದು ಕೆನಡಾದಲ್ಲಿದ್ದಾರೆ. ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಚಾಕಲೇಟಿನ ಜೊತೆಗೆ ಇಂಥ ಪುಸ್ತಕಗಳೂ ಬರುತ್ತವೆ. ಅವುಗಳಲ್ಲಿ ಕೆಲವು 1755ರ ಅಕೇಡಿಯದಲ್ಲಿ ಇಳಿಯುತ್ತವೆ. ಕಥೋಲಿಕ ರೈತರ ಒಂದು ಜನಾಂಗವನ್ನೇ ಮನೆಮಠಗಳಿಂದ ಎಬ್ಬಿಸಿ ಹಡಗಿಗೆ ತುಂಬಿ ಸಾಗಿಸಿದ ವರ್ಷ ಅದು.

ನಾನು ಯಾವ ಪುಸ್ತಕದ ಹೆಸರನ್ನೂ ಹೇಳುವುದಿಲ್ಲ. ನನ್ನ ತಕರಾರು ಒಂದು ಪುಸ್ತಕದ ಮೇಲಲ್ಲ, ಒಂದು ಅಚ್ಚಿನ ಮೇಲೆ. ಆ ಅಚ್ಚು ಹೀಗಿದೆ: ಹುಡುಗ ಬಂದಿಳಿಯುತ್ತಾನೆ, ತನ್ನ ವಯಸ್ಸಿನ ಒಬ್ಬರ ಸ್ನೇಹವಾಗುತ್ತದೆ, ಸೈನಿಕರು ಬರುತ್ತಾರೆ, ಊರಿನವರು ದಿಕ್ಕುತೋಚದೆ ಅಳುತ್ತಾರೆ. ಮುಂದೇನಾಗುವುದೆಂದು ಬಲ್ಲ ಹುಡುಗ ಅಗಲುತ್ತಿದ್ದ ಕುಟುಂಬವೊಂದನ್ನು ಒಂದುಗೂಡಿಸುತ್ತಾನೆ, ಹಳೆಯ ಅನ್ಯಾಯವೊಂದನ್ನು ಸರಿಪಡಿಸುತ್ತಾನೆ, ಬೆಳಗಾಗುವಷ್ಟರಲ್ಲಿ ತನ್ನ ಹಾಸಿಗೆಗೆ ಮರಳುತ್ತಾನೆ. "ಫಾದರ್, ಮಗು ಮೊಬೈಲ್ ಬಿಟ್ಟು ಪುಸ್ತಕ ಹಿಡಿದಿದೆ, ಮೇಲಾಗಿ ನಮ್ಮ ಸಭೆಯ ಜನರ ಚರಿತ್ರೆಯನ್ನೇ ಓದುತ್ತಿದೆ, ಇನ್ನೇನು ಬೇಕು?" ಎಂದು ತಾಯಿತಂದೆಯರು ಕೇಳುತ್ತಾರೆ. ಇಷ್ಟು ಸಾಲದು. ಈ ಅಚ್ಚಿನ ಕಥೆ ಮಗುವಿಗೆ ಚರಿತ್ರೆಯ ವೇಷದಲ್ಲಿ ಒಂದು ಸುಳ್ಳನ್ನು ಕೊಡುತ್ತದೆ. ಅಂದು ಅಲ್ಲಿ ಕೊರತೆಯಾಗಿದ್ದದ್ದು ಒಬ್ಬ ಧೈರ್ಯವಂತ ಹುಡುಗ ಮಾತ್ರ ಎಂಬುದೇ ಆ ಸುಳ್ಳು.

ಕಲ್ಪನೆಯ ಮೇಲೆ ನನಗೆ ದ್ವೇಷವಿಲ್ಲ. ಕಾಲವನ್ನು ದಾಟಿ ಹಿಂದಕ್ಕೆ ಹೋಗುವುದು ಕ್ರೈಸ್ತರಿಗೆ ಹೊಸ ಕಲೆಯೇನೂ ಅಲ್ಲ. ಪಾಸ್ಖದ ಭೋಜನಕ್ಕೆ ಕುಳಿತ ಯೆಹೂದ್ಯ ಕುಟುಂಬ ತಾನೇ ಈಜಿಪ್ಟಿನಿಂದ ಹೊರಟು ಬಂದಂತೆ ಆ ರಾತ್ರಿಯನ್ನು ಸ್ಮರಿಸುತ್ತದೆ. ನಮ್ಮ ಬಲಿಪೂಜೆಯೂ ಅಂಥ ಸ್ಮರಣೆಯೇ. ಲೊಯೋಲದ ಸಂತ ಇಗ್ನಾಸಿಯವರು ತಮ್ಮ ಆಧ್ಯಾತ್ಮಿಕ ಸಾಧನೆಗಳಲ್ಲಿ ಇದನ್ನು ಒಂದು ಶಿಸ್ತಾಗಿಯೇ ಕಲಿಸಿದರು. ಸ್ಥಳವನ್ನು ಕಣ್ಮುಂದೆ ತಂದುಕೋ, ದಾರಿಯ ಉದ್ದ ಎಷ್ಟು, ಗವಿಯ ಎತ್ತರ ಎಷ್ಟು ಎಂದು ನೋಡು ಎನ್ನುತ್ತಾರೆ ಅವರು. ಬೆತ್ಲೆಹೇಮಿಗೆ ಹೋದ ಧ್ಯಾನಿ ಅಲ್ಲಿ ಯಾರಾಗಿ ನಿಲ್ಲಬೇಕು? ಹೆರೋದನ ಸೈನಿಕರಿಂದ ಕೂಸುಗಳನ್ನು ಬಿಡಿಸುವ ವೀರನಾಗಿ ಅಲ್ಲ. ಯೋಗ್ಯತೆಯಿಲ್ಲದ ಬಡ ಸೇವಕನಾಗಿ ಮೂಲೆಯಲ್ಲಿ ನಿಂತು ನೋಡಬೇಕು, ಆಲಿಸಬೇಕು, ಕೇಳಿದರೆ ನೀರು ತಂದುಕೊಡಬೇಕು. ಕಾಲವನ್ನು ದಾಟುವ ಕ್ರಮ ಇದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಹುಡುಗನನ್ನು ನಾವೇ ಒಮ್ಮೆ ಅಕೇಡಿಯಕ್ಕೆ ಕಳುಹಿಸೋಣ.

ಅವನು ಮೊದಲು ಕಾಣಬೇಕಾದದ್ದು ಸೈನಿಕರನ್ನಲ್ಲ, ಮಣ್ಣನ್ನು. ಇಂದು ನೋವಾ ಸ್ಕೋಷಿಯ ಎನಿಸುವ ಆ ನಾಡಿಗೆ ಫ್ರೆಂಚರು ಬಂದು ಪೋರ್ಟ್ ರಾಯಲ್ ನೆಲೆಯನ್ನು ಕಟ್ಟಿದ್ದು 1605ರಲ್ಲಿ. ರೈತ ಕುಟುಂಬಗಳು ಬಂದು ಬೇರೂರಿದ್ದು 1630ರ ದಶಕದ ನಂತರ. ಅಲ್ಲಿನ ಫಂಡಿ ಕೊಲ್ಲಿಯ ಉಬ್ಬರವಿಳಿತ ಲೋಕದಲ್ಲೇ ಅತ್ಯಂತ ಎತ್ತರದ್ದು, ಕೆಲವೆಡೆ 16 ಮೀಟರಿನಷ್ಟು. ದಿನಕ್ಕೆರಡು ಬಾರಿ ಸಮುದ್ರ ನುಂಗುವ ಉಪ್ಪು ಜೌಗುನೆಲಕ್ಕೆ ಈ ಜನ ಮಣ್ಣು ಮತ್ತು ಹುಲ್ಲುಹೆಂಟೆಯ ಒಡ್ಡು ಕಟ್ಟಿದರು. ಒಡ್ಡಿನ ಬುಡದಲ್ಲಿ ಮರದ ತೂಬು, ತೂಬಿನಲ್ಲಿ ಒಂದು ತೂಗುಬಾಗಿಲು. ಒಳಗಿನ ಮಳೆನೀರು ಹೊರಕ್ಕೆ ಹರಿಯುವಾಗ ಬಾಗಿಲು ತಾನಾಗಿ ತೆರೆಯುತ್ತದೆ, ಉಬ್ಬರ ಏರಿದಾಗ ತಾನಾಗಿ ಮುಚ್ಚಿಕೊಳ್ಳುತ್ತದೆ. ಅಬ್ವಾತೋ ಎಂದು ಅದರ ಹೆಸರು. ಮಳೆ ಎರಡು ಮೂರು ವರ್ಷ ಉಪ್ಪನ್ನು ತೊಳೆದ ಮೇಲೆ ಆ ನೆಲ ಗೋಧಿ ಬೆಳೆಯುವ ಹೊನ್ನಿನ ಭೂಮಿಯಾಗುತ್ತಿತ್ತು. ಅಘನಾಶಿನಿಯ ದಡದ ಗಜನಿ ಗದ್ದೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಡ್ಡಿನ ಕೆಲಸವನ್ನು ಒಬ್ಬ ಮಾಡಲಾರ. ಒಂದು ಮನೆಯವರು ತಮ್ಮ ಪಾಲಿನ ಒಡ್ಡನ್ನು ಕಡೆಗಣಿಸಿದರೆ ಹತ್ತು ಮನೆಯವರ ಹೊಲಕ್ಕೆ ಸಮುದ್ರ ನುಗ್ಗುತ್ತದೆ. ಅಕೇಡಿಯನ್ನರ ಒಗ್ಗಟ್ಟನ್ನು ಹಾಡಿ ಹೊಗಳುವವರು ಈ ಕೆಸರನ್ನು ಮೊದಲು ನೋಡಬೇಕು.

ಈ ನೆಲಕ್ಕೆ ಹಿಂದಿನಿಂದಲೂ ಒಡೆಯರಿದ್ದರು. ಅವರು ಮಿಕ್ಮಾಕ್ ಜನ. ಅವರ ನಾಯಕ ಮೆಂಬರ್ತು 1610ರ ಜೂನ್ 24ರಂದು, ಸ್ನಾನಿಕ ಸಂತ ಯೊವಾನ್ನರ ಹಬ್ಬದಂದು, ತನ್ನ ಕುಟುಂಬದವರೊಡನೆ ದೀಕ್ಷಾಸ್ನಾನ ಪಡೆದ. ಅಕೇಡಿಯನ್ನರು ಹೆಚ್ಚಾಗಿ ಸಮುದ್ರದಿಂದಲೇ ನೆಲವನ್ನು ಗೆದ್ದುಕೊಂಡದ್ದರಿಂದ ಮಿಕ್ಮಾಕರೊಡನೆ ಜಗಳ ಕಡಿಮೆಯಿತ್ತು. ಕೊಳುಕೊಡೆಯಿತ್ತು, ಮದುವೆ ಸಂಬಂಧಗಳೂ ಇದ್ದವು. ಆದರೆ ನಮ್ಮ ಅಚ್ಚಿನ ಕಥೆಯಲ್ಲಿ ಮಿಕ್ಮಾಕ್ ಮನುಷ್ಯ ಬರುವುದು ಯಾವಾಗ? ಹುಡುಗ ಕಾಡಿನಲ್ಲಿ ದಾರಿ ತಪ್ಪಿದಾಗ, ದಾರಿ ತೋರಿಸುವುದಕ್ಕಾಗಿ. ಆಮೇಲೆ ಅವನು ಮರಗಳ ನಡುವೆ ಮರೆಯಾಗಿಬಿಡುತ್ತಾನೆ. 1749ರಲ್ಲಿ ಹ್ಯಾಲಿಫ್ಯಾಕ್ಸ್ ನಗರವನ್ನು ಕಟ್ಟಿದ ರಾಜ್ಯಪಾಲ ಕಾರ್ನ್‌ವಾಲಿಸ್ ಅದೇ ವರ್ಷ ಮಿಕ್ಮಾಕರ ತಲೆಗೆ ಬಹುಮಾನ ಸಾರಿದ್ದನ್ನು ಮಗುವಿಗೆ ಯಾರು ಹೇಳುವರು? ಅಕೇಡಿಯನ್ನರಿಗೆ ಗಡೀಪಾರು, ಮಿಕ್ಮಾಕರಿಗೆ ಬೇಟೆ. ಒಂದನ್ನು ಅಳುತ್ತಾ ಹೇಳಿ ಇನ್ನೊಂದನ್ನು ಬಿಟ್ಟುಬಿಡುವ ಕಥೆ ಕರುಣೆಯ ಕಥೆಯಲ್ಲ.

ಇನ್ನು ಪ್ರಮಾಣವಚನದ ಪ್ರಶ್ನೆ. 1713ರ ಉಟ್ರೆಕ್ಟ್ ಒಪ್ಪಂದದಿಂದ ಅಕೇಡಿಯ ಇಂಗ್ಲಿಷರ ಪಾಲಾಯಿತು. ಕಥೋಲಿಕ ರೈತರು ಪ್ರಾಟೆಸ್ಟಂಟ್ ಅರಸನಿಗೆ ನಿಷ್ಠೆಯ ಪ್ರಮಾಣ ಮಾಡಬೇಕಾಯಿತು. 1730ರಲ್ಲಿ ರಾಜ್ಯಪಾಲ ಫಿಲಿಪ್ಸ್ ಪ್ರಮಾಣವನ್ನು ಪಡೆದುಕೊಂಡ, ಆದರೆ ಯುದ್ಧದಲ್ಲಿ ಆಯುಧ ಹಿಡಿಯಲು ಒತ್ತಾಯಿಸುವುದಿಲ್ಲ ಎಂಬ ಬಾಯಿಮಾತಿನ ಭರವಸೆಯ ಮೇಲೆ. ಜನ ಆ ಮಾತನ್ನು ನಂಬಿ ಇಪ್ಪತ್ತೈದು ವರ್ಷ ಬಾಳಿದರು. ಇಂಗ್ಲಿಷರೇ ಅವರನ್ನು ತಟಸ್ಥ ಫ್ರೆಂಚರು ಎಂದು ಕರೆಯುತ್ತಿದ್ದರು. 1755ರ ಬೇಸಿಗೆಯಲ್ಲಿ ಬೋಸೆಜೂರ್ ಕೋಟೆ ಇಂಗ್ಲಿಷರ ವಶವಾದ ಮೇಲೆ ಉಪರಾಜ್ಯಪಾಲ ಚಾರ್ಲ್ಸ್ ಲಾರೆನ್ಸ್ ಊರಿನ ಪ್ರತಿನಿಧಿಗಳನ್ನು ಹ್ಯಾಲಿಫ್ಯಾಕ್ಸಿಗೆ ಕರೆಸಿ, ಷರತ್ತಿಲ್ಲದ ಪ್ರಮಾಣ ಮಾಡಿ ಎಂದ. ಹಾಗೆ ಮಾಡಿದರೆ ನಾಳೆ ಸ್ವಂತ ಬಂಧುಗಳ ಮೇಲೂ ಮಿಕ್ಮಾಕರ ಮೇಲೂ ಬಂದೂಕು ಎತ್ತಬೇಕಾಗಬಹುದು. ಮಾಡದಿದ್ದರೆ ಅರಸನ ಶತ್ರುಗಳು. ಅವರು ಒಪ್ಪಲಿಲ್ಲ.

ಕಾಲವನ್ನು ದಾಟಿ ಬಂದ ನಮ್ಮ ಹುಡುಗ ಇಲ್ಲಿ ಕೂಗಿ ಹೇಳಬೇಕೆನಿಸುತ್ತದೆಯಲ್ಲವೇ: "ಪ್ರಮಾಣ ಮಾಡಿಬಿಡಿ, ನನಗೆ ಗೊತ್ತು ಮುಂದೇನಾಗುತ್ತದೆಂದು!" ದಾಖಲೆ ಏನು ಹೇಳುತ್ತದೆ ನೋಡಿ. ಮೊದಲು ಬಂದ ಪ್ರತಿನಿಧಿಗಳು ಮರುದಿನವೇ ಮನಸ್ಸು ಬದಲಿಸಿ, ಮಾಡುತ್ತೇವೆ ಎಂದರು. ಕಾಲ ಮೀರಿತು, ಒಮ್ಮೆ ನಿರಾಕರಿಸಿದ ಕಥೋಲಿಕರಿಗೆ ಕಾನೂನಿನ ಪ್ರಕಾರ ಮತ್ತೆ ಅವಕಾಶವಿಲ್ಲ ಎಂದು ಅವರನ್ನು ಸೆರೆಗೆ ತಳ್ಳಲಾಯಿತು. ಜುಲೈ 28ರಂದು ಗಡೀಪಾರಿನ ನಿರ್ಣಯವಾಯಿತು. ಹುಡುಗನ ಭವಿಷ್ಯಜ್ಞಾನ ಇಲ್ಲಿ ಕಾಸಿನ ಬೆಲೆಯದ್ದಲ್ಲ. ಬೇಕಾಗಿದ್ದದ್ದು ಪ್ರಮಾಣವಲ್ಲ, ಭೂಮಿ. ನೀನು ನಿಷ್ಠನೇ ಎಂದು ಮತ್ತೆಮತ್ತೆ ಕೇಳುವವನು ಉತ್ತರಕ್ಕಾಗಿಯೇ ಕೇಳುತ್ತಾನೆಂದು ಭಾವಿಸುವುದು ನಮ್ಮ ಸರಳತನ.

ಸೆಪ್ಟೆಂಬರ್ 5, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ. ಗ್ರಾನ್ ಪ್ರೇ ಊರಿನ ಸಂತ ಚಾರ್ಲ್ಸರ ದೇವಾಲಯ. ಹತ್ತು ವರ್ಷ ಮೇಲ್ಪಟ್ಟ ಗಂಡಸರೆಲ್ಲರೂ ಬರಬೇಕೆಂದು ಆಜ್ಞೆಯಾಗಿತ್ತು. 418 ಮಂದಿ ಬಂದರು. ನಮ್ಮ ಹುಡುಗನಿಗೆ ಹದಿನಾಲ್ಕು ವರ್ಷವಾಗಿದ್ದರೆ ಅವನೂ ಆ ಲೆಕ್ಕದಲ್ಲಿ ಸೇರುತ್ತಿದ್ದ. ಆ ಪ್ರದೇಶದ ಗುರುಗಳನ್ನು ಆಗಸ್ಟ್ ತಿಂಗಳಲ್ಲೇ ಬಂಧಿಸಿ ಒಯ್ದಿದ್ದರು. ಮ್ಯಾಸಚೂಸೆಟ್ಸ್‌ನಿಂದ ಬಂದ ಲೆಫ್ಟಿನೆಂಟ್ ಕರ್ನಲ್ ಜಾನ್ ವಿನ್ಸ್ಲೋ ದೇವಾಲಯವನ್ನೇ ತನ್ನ ಶಿಬಿರದ ಭಾಗವಾಗಿ ಮಾಡಿಕೊಂಡಿದ್ದ. ಅದಕ್ಕೆ ಮೊದಲು ಊರ ಹಿರಿಯರನ್ನು ಕರೆಸಿ, ಪವಿತ್ರ ವಸ್ತುಗಳನ್ನು ತೆಗೆದುಕೊಂಡು ಹೋಗಿ ಎಂದಿದ್ದ. ಇದು ಅವನದೇ ದಿನಚರಿಯಲ್ಲಿದೆ. ಅವನು ಕ್ರೂರಿಯಾಗಿರಲಿಲ್ಲ. ಈ ಕೆಲಸ ತನ್ನ ಸ್ವಭಾವಕ್ಕೆ ಒಗ್ಗದ್ದು ಎಂದು ಅವನೇ ಬರೆದುಕೊಂಡಿದ್ದಾನೆ. ಬರೆದುಕೊಂಡು, ಮಾಡಿದ. ಭೂಮಿ, ಮನೆ, ದನಕರುಗಳೆಲ್ಲವೂ ಅರಸನ ವಶ. ಹಣವನ್ನೂ ಹಡಗಿಗೆ ಭಾರವಾಗದಷ್ಟು ಮನೆಸಾಮಾನನ್ನೂ ಒಯ್ಯಬಹುದು ಎಂದು ಓದಿ ಹೇಳಲಾಯಿತು. ಬಾಗಿಲುಗಳಿಗೆ ಕಾವಲು ಬಿತ್ತು. ಮಕ್ಕಳ ಕಥೆಗಳು ವಿನ್ಸ್ಲೋವನ್ನು ಹಲ್ಲು ಕಡಿಯುವ ಖಳನನ್ನಾಗಿ ಮಾಡುತ್ತವೆ. ನಿಜವಾದ ವಿನ್ಸ್ಲೋ ಅದಕ್ಕಿಂತ ಭಯಂಕರ, ಏಕೆಂದರೆ ಅವನು ನಮ್ಮ ಹಾಗೆ ಸಭ್ಯ ಮನುಷ್ಯ.

ಐದು ದಿನಗಳ ಬಳಿಕ, ಸೆಪ್ಟೆಂಬರ್ 10ರಂದು, 141 ಯುವಕರನ್ನು ಮೊದಲು ಹಡಗಿಗೆ ಹತ್ತಿಸಬೇಕೆಂದು ಅವನು ಆಜ್ಞೆ ಮಾಡಿದ. ತಂದೆಯರಿಲ್ಲದೆ ಹೋಗುವುದಿಲ್ಲ ಎಂದು ಅವರು ನಿಂತರು. ಸೈನಿಕರು ಬಂದೂಕಿಗೆ ಬಯೊನೆಟ್ ಸಿಕ್ಕಿಸಿದರು. ವಿನ್ಸ್ಲೋ ಒಬ್ಬ ತರುಣನ ಮೇಲೆ ತಾನೇ ಕೈಹಾಕಿ ನಡೆ ಎಂದ. ಅವರು ಪ್ರಾರ್ಥಿಸುತ್ತಾ, ಹಾಡುತ್ತಾ, ಅಳುತ್ತಾ ನಿಧಾನವಾಗಿ ನಡೆದರು. ದಡದವರೆಗೂ ದಾರಿಯುದ್ದಕ್ಕೂ ತಾಯಂದಿರು, ಮಕ್ಕಳು ಎದುರಾದರು. ಸಂತ ಇಗ್ನಾಸಿಯವರು ಹೇಳಿದಂತೆ ದಾರಿಯ ಉದ್ದವನ್ನು ಅಳೆಯುವವರಿಗೆ ಹೇಳುತ್ತೇನೆ: ಅದು ಸುಮಾರು ಒಂದೂವರೆ ಮೈಲಿ.

ಈ ದಾರಿಯಲ್ಲಿ ಒಬ್ಬ ಹುಡುಗ ಹಾರಿಬಂದು ಅವರನ್ನು ಬಿಡಿಸುವ ಕಥೆಯನ್ನು ನಾನು ಅಪಮಾನ ಎನ್ನುತ್ತೇನೆ. ಏಕೆಂದರೆ ತಪ್ಪಿಸಿಕೊಳ್ಳಲು ಸಾಧ್ಯವಾದ ಕಡೆಯಲ್ಲೆಲ್ಲ ಅವರು ಯಾವ ಭವಿಷ್ಯದ ಹುಡುಗನಿಗೂ ಕಾಯದೆ ತಾವೇ ತಪ್ಪಿಸಿಕೊಂಡರು. ಅಕ್ಟೋಬರ್ 1ರ ರಾತ್ರಿ ಲಾರೆನ್ಸ್ ಕೋಟೆಯಲ್ಲಿ ಸೆರೆಯಾಗಿದ್ದ 86 ಮಂದಿ ನೆಲದಡಿ ಸುರಂಗ ತೋಡಿ ಪಾರಾದರು. ಅದೇ ಡಿಸೆಂಬರಿನಲ್ಲಿ ಪೆಂಬ್ರೋಕ್ ಎಂಬ ಹಡಗಿನಲ್ಲಿದ್ದ 232 ಜನ ನಾವಿಕರನ್ನು ಹಿಡಿದು, ಹಡಗನ್ನೇ ತಿರುಗಿಸಿ ಸೇಂಟ್ ಜಾನ್ ನದಿಯ ಕಡೆಗೆ ಹೊರಟುಹೋದರು. ಬೋಸೊಲೇ ಎಂದು ಹೆಸರಾದ ಜೋಸೆಫ್ ಬ್ರೂಸಾರ್ ಮಿಕ್ಮಾಕರೊಡನೆ ಕೂಡಿ ವರ್ಷಗಟ್ಟಲೆ ಕಾಡಿನಲ್ಲಿ ಹೋರಾಡಿದ. ಇದಾವುದೂ ನಮ್ಮ ಮಕ್ಕಳಿಗೆ ತಿಳಿಯದು. ಅವರಿಗೆ ತಿಳಿದ ಅಕೇಡಿಯನ್ನರು ಅಳುವವರು, ಕಾಯುವವರು, ಕ್ಷಮಿಸುವವರು. ಈ ಚಿತ್ರವನ್ನು ಲೋಕಕ್ಕೆ ಕೊಟ್ಟವನು ಅಮೆರಿಕದ ಕವಿ ಲಾಂಗ್‌ಫೆಲೋ. 1847ರ ಅವನ ಎವಾಂಜಲೀನ್ ಕಾವ್ಯ ಸುಂದರವಾಗಿದೆ, ಒಪ್ಪುತ್ತೇನೆ. ಅದು ಮರೆತುಹೋಗುತ್ತಿದ್ದ ಒಂದು ಜನಾಂಗದ ಕಡೆಗೆ ಲೋಕದ ಗಮನ ಸೆಳೆಯಿತು ಎಂಬುದೂ ನಿಜ. ಆದರೆ ಕವಿ ಅಕೇಡಿಯದ ನೆಲವನ್ನು ಎಂದೂ ಮೆಟ್ಟಿದವನಲ್ಲ. ಒಬ್ಬ ಮದುಮಗಳ ತಾಳ್ಮೆಯಲ್ಲಿ ಇಡೀ ಜನಾಂಗವನ್ನು ಕರಗಿಸಿದ. ಇಂದಿನ ಸಾಹಸಕಥೆ ಅದೇ ಚಿತ್ರವನ್ನು ಹಿನ್ನೆಲೆಗೆ ತೂಗುಹಾಕಿ ಮುಂದೆ ತನ್ನ ವೀರನನ್ನು ನಿಲ್ಲಿಸುತ್ತದೆ. ಅಸಹಾಯಕರಿಲ್ಲದೆ ಉದ್ಧಾರಕನಿಗೆ ಕೆಲಸವೆಲ್ಲಿ?

ಈಗ ನನ್ನ ವರ್ಗದವರ ವಿಷಯ. ಅಚ್ಚಿನ ಕಥೆಯಲ್ಲಿ ಬರುವ ಗುರು ಬಿಳಿಗಡ್ಡದ ಮುದುಕ. ಶಿಲುಬೆ ಎತ್ತಿ ಹರಸಿ ಕಣ್ಣೀರಿಡುವುದೇ ಅವನ ಕೆಲಸ. ನಮ್ಮ ಹುಡುಗ ವಂದನೀಯ ಲೆ ಲೂತ್ರ್ ಅವರನ್ನು ಕಾಣಲಿ. ಮಿಕ್ಮಾಕರ ನಡುವೆ ದುಡಿದ ಮಿಷನರಿ ಅವರು, ಅವರ ಭಾಷೆ ಕಲಿತವರು. ಫ್ರೆಂಚ್ ಅರಸನ ರಾಜಕೀಯದಲ್ಲಿ ಮೊಣಕಾಲುದ್ದವಲ್ಲ, ಕುತ್ತಿಗೆವರೆಗೆ ಇಳಿದವರೂ ಹೌದು. 1750ರಲ್ಲಿ ಬೋಬಾಸಾಂ ಎಂಬ ಅಕೇಡಿಯನ್ ಊರು ಸುಟ್ಟು ಬೂದಿಯಾದದ್ದು ಇಂಗ್ಲಿಷರ ಕೈಯಿಂದಲ್ಲ. ಜನ ಇಂಗ್ಲಿಷರ ಆಳ್ವಿಕೆಯಲ್ಲಿ ಉಳಿಯದೆ ಫ್ರೆಂಚರ ಗಡಿಯೊಳಗೆ ಹೋಗಲೇಬೇಕೆಂದು ಲೆ ಲೂತ್ರ್ ಮತ್ತು ಅವರ ಮಿಕ್ಮಾಕ್ ಅನುಯಾಯಿಗಳು ಹಚ್ಚಿದ ಬೆಂಕಿಯಿಂದ. ಇಂಗ್ಲಿಷರ ನೆತ್ತಿಚರ್ಮಕ್ಕೆ ಅವರು ಹಣ ತೆತ್ತದ್ದೂ ದಾಖಲಾಗಿದೆ. ಅದೇ ಮನುಷ್ಯ ನಿರಾಶ್ರಿತರಿಗೆ ಹೊಲ ಸಿಗಲೆಂದು ದೊಡ್ಡ ಒಡ್ಡು ಕಟ್ಟಿಸಲು ಫ್ರಾನ್ಸಿನಿಂದ ಹಣ ತಂದರು. ಅದೇ ಮನುಷ್ಯ ಸಮುದ್ರದಲ್ಲಿ ಸೆರೆಸಿಕ್ಕು ಜೆರ್ಸಿ ದ್ವೀಪದ ಕೋಟೆಯಲ್ಲಿ ಎಂಟು ವರ್ಷ ಕಳೆದು ಬಂದ ಮೇಲೆ, ಗಡೀಪಾರಾದ ಕುಟುಂಬಗಳಿಗೆ ಬೆಲ್ ಈಲ್ ದ್ವೀಪದಲ್ಲಿ ನೆಲೆ ಕೊಡಿಸಲು ಓಡಾಡಿದರು. ಇವರನ್ನು ಸಂತನೆನ್ನಲೇ, ಪಾಪಿಯೆನ್ನಲೇ? ಹದಿನಾಲ್ಕರ ಹುಡುಗನಿಗೆ ಈ ಪ್ರಶ್ನೆಯ ಭಾರ ತಡೆಯದು ಎಂದು ಹೇಳುವವರಿಗೆ ನಾನು ಕೇಳುವುದಿಷ್ಟೇ: ದಾವೀದ ಅರಸನ ಕಥೆಯನ್ನು ನಾವು ಧರ್ಮೋಪದೇಶ ತರಗತಿಯಲ್ಲಿ ಅದೇ ಮಕ್ಕಳಿಗೆ ಕಲಿಸುವುದಿಲ್ಲವೇ? ಪೇತ್ರನ ಕೋಳಿಯ ಕೂಗನ್ನು?

ವಂದನೀಯ ಜಾಕ್ ಜಿರಾರ್ ಅವರನ್ನೂ ಕಾಣಲಿ. 1758ರಲ್ಲಿ ಇಂದಿನ ಪ್ರಿನ್ಸ್ ಎಡ್ವರ್ಡ್ ದ್ವೀಪದ ಅಕೇಡಿಯನ್ನರನ್ನು ಫ್ರಾನ್ಸಿಗೆ ಸಾಗಿಸುವಾಗ ಡ್ಯೂಕ್ ವಿಲಿಯಂ ಎಂಬ ಹಡಗು ಡಿಸೆಂಬರಿನ ಚಳಿಗಡಲಿನಲ್ಲಿ ಮುಳುಗಿತು. ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ನೋಯೆಲ್ ದ್ವಾರೋನ್ ಎಂಬ ವೃದ್ಧ ತನ್ನ ಇಡೀ ವಂಶದೊಡನೆ ನೀರುಪಾಲಾದ. ಜಿರಾರ್ ತಮ್ಮ ಜನರಿಗೆ ಪಾಪವಿಮೋಚನೆ ಕೊಟ್ಟು, ಕಪ್ತಾನನೊಡನೆ ದೋಣಿಗೆ ಇಳಿದು, ಬದುಕಿದರು. ಜನರೇ ಅವರನ್ನು ಹೋಗಿ ಎಂದರೆಂದು ಬದುಕಿ ಬಂದ ಕಪ್ತಾನ ಹೇಳಿದ. ಆ ದೋಣಿಯಲ್ಲಿ ಕುಳಿತ ಗುರುವಿನ ಮುಖವನ್ನು ಯಾವ ಸಾಹಸಕಥೆಯೂ ಬರೆದದ್ದನ್ನು ನಾನು ಕಾಣೆ. ಗುರುಪಟ್ಟ ಪಡೆದ ನಮ್ಮಲ್ಲಿ ಯಾರೂ ಆ ದೋಣಿಯ ಮೇಲೆ ತೀರ್ಪು ಕೊಡಲು ಆತುರಪಡದಿರುವುದು ಒಳ್ಳೆಯದು.

ಹಾಸಿಗೆಗೆ ಮರಳುವ ಮಾತಿಗೆ ಬರುತ್ತೇನೆ. ಕಥೆಯ ಹುಡುಗ ಮನೆಗೆ ಮರಳುತ್ತಾನೆ. ಅದು ಈ ಅಚ್ಚಿನ ಅತ್ಯಂತ ದೊಡ್ಡ ವಂಚನೆ. 1755ರಿಂದ 1763ರವರೆಗೆ ಹತ್ತು ಸಾವಿರಕ್ಕೂ ಹೆಚ್ಚು ಅಕೇಡಿಯನ್ನರು ಎಬ್ಬಿಸಲ್ಪಟ್ಟರು. ಮ್ಯಾಸಚೂಸೆಟ್ಸ್‌ನಿಂದ ಜಾರ್ಜಿಯದವರೆಗೆ ಇಂಗ್ಲಿಷ್ ವಸಾಹತುಗಳಲ್ಲಿ ಅವರನ್ನು ಹಂಚಲಾಯಿತು. ವರ್ಜೀನಿಯ ತನಗೆ ಬೇಡವೆಂದು ಸಾವಿರಕ್ಕೂ ಹೆಚ್ಚು ಜನರನ್ನು ಇಂಗ್ಲೆಂಡಿಗೆ ಅಟ್ಟಿತು. ಅಲ್ಲಿ ಬಂದರು ಊರುಗಳ ಗೋದಾಮುಗಳಲ್ಲಿ ಸಿಡುಬು ಎಷ್ಟೋ ಜನರನ್ನು ಕೊಂಡೊಯ್ದಿತು. ಉಳಿದವರು 1763ರಲ್ಲಿ ಫ್ರಾನ್ಸಿಗೆ, ಅಲ್ಲಿಯೂ ನೆಲೆನಿಲ್ಲದೆ 1785ರಲ್ಲಿ ಸುಮಾರು 1,600 ಜನ ಏಳು ಹಡಗುಗಳಲ್ಲಿ ಲೂಯಿಸಿಯಾನಕ್ಕೆ. ಹೊರಟಾಗ ಹತ್ತರ ಹುಡುಗನಾಗಿದ್ದವನು ಅಲ್ಲಿ ಇಳಿಯುವಾಗ ನಲವತ್ತರ ಗಂಡಸು.

1764ರ ನಂತರ ಮರಳಲು ಅನುಮತಿ ಸಿಕ್ಕಿತು, ನಿಜ. ಮರಳಿದವರು ಕಂಡದ್ದೇನು? ಅವರ ಹೊಲಗಳಲ್ಲಿ 1760ರಿಂದಲೇ ನ್ಯೂ ಇಂಗ್ಲೆಂಡಿನ ಕುಟುಂಬಗಳು ನೆಲೆಸಿದ್ದವು. ಈ ಹೊಸಬರಿಗೆ ಸಮುದ್ರದ ಒಡ್ಡಿನ ಕೆಲಸ ಬಾರದು. 1759ರ ಬಿರುಗಾಳಿಗೆ ಒಡ್ಡುಗಳು ಒಡೆದುಹೋಗಿದ್ದವು. ಆಗ ಸರಕಾರ, ಸೆರೆಯಲ್ಲಿದ್ದ ಅಕೇಡಿಯನ್ನರನ್ನೇ ಕರೆತಂದು, ಅವರ ಅಜ್ಜಂದಿರು ಕಟ್ಟಿದ ಒಡ್ಡುಗಳನ್ನು ಹೊಸ ಯಜಮಾನರಿಗಾಗಿ ಅವರ ಕೈಯಿಂದಲೇ ದುರಸ್ತಿ ಮಾಡಿಸಿತು. ಈ ಒಂದು ದೃಶ್ಯಕ್ಕಾಗಿ ನಾನು ಎಲ್ಲಾ ಸಾಹಸಗಳನ್ನೂ ಬಿಟ್ಟುಕೊಡುವೆನು. ಹುಡುಗ ಅಲ್ಲಿ ನಿಲ್ಲಲಿ. ತನ್ನದಾಗಿದ್ದ ಗದ್ದೆಯ ಒಡ್ಡಿಗೆ ಕೂಲಿಗಾಗಿ ಹೆಂಟೆ ಹೊರುವ ಮನುಷ್ಯನಿಗೆ ಒಂದು ತಂಬಿಗೆ ನೀರು ಕೊಡಲಿ. ಅವನಿಗೆ ಹೇಳಲು ಸರಿಯಾದ ಮಾತೊಂದು ಹುಡುಗನಿಗೆ ಹೊಳೆದರೆ ನನಗೂ ತಿಳಿಸಲಿ. ನೋವಾ ಸ್ಕೋಷಿಯಕ್ಕೆ ಮರಳಿದವರಲ್ಲಿ ಬಹುಮಂದಿ ಸೇಂಟ್ ಮೇರಿ ಕೊಲ್ಲಿಯ ಕಲ್ಲುದಂಡೆಯಂಥ ಕಡೆಗಳಲ್ಲಿ ಹೊಸದಾಗಿ ಬದುಕು ಕಟ್ಟಬೇಕಾಯಿತು. ನೇಗಿಲು ಹಿಡಿದಿದ್ದ ಕೈಗಳು ಬಲೆ ಹಿಡಿದವು.

ಇದನ್ನೆಲ್ಲ ನಮ್ಮ ನಾಡಿನ ಕ್ರೈಸ್ತ ಕುಟುಂಬಗಳಿಗೆ ಹೇಳಲು ಕಾರಣವಿದೆ. ಗ್ರಾನ್ ಪ್ರೇಯಾಗಿ ಮೂವತ್ತು ವರ್ಷ ತುಂಬುವ ಮೊದಲೇ, 1784ರಲ್ಲಿ, ಕೆನರಾ ಕರಾವಳಿಯ ಕಥೋಲಿಕರನ್ನು ಟಿಪ್ಪು ಸುಲ್ತಾನನ ಆಜ್ಞೆಯಂತೆ ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ಯಲಾಯಿತು. ಬೂದಿ ಬುಧವಾರದಂದು ಅದು ಆರಂಭವಾಯಿತೆಂಬ ಸ್ಮರಣೆ ಮನೆಮನೆಗಳಲ್ಲಿ ಉಳಿದಿದೆ. ಉಳಿದವರು ಮರಳಿದ್ದು 1799ರ ನಂತರ. ಎಷ್ಟು ಜನ ಎಂಬುದರ ಬಗ್ಗೆ ಪಂಡಿತರು ಇಂದಿಗೂ ವಾದಿಸುತ್ತಾರೆ. ಒಂದು ವಿಚಿತ್ರವನ್ನು ಗಮನಿಸಿ: ಅಲ್ಲಿ ಕಥೋಲಿಕರನ್ನು ಎಬ್ಬಿಸಿದ್ದು ಅವರು ಇಂಗ್ಲಿಷರಿಗೆ ನಿಷ್ಠರಲ್ಲವೆಂದು. ಇಲ್ಲಿ ಎಬ್ಬಿಸಿದ್ದು ಅವರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ. ಈ ನೆನಪನ್ನು ನಮ್ಮ ಮಕ್ಕಳಿಗೆ ಯಾವ ಅಚ್ಚಿನಲ್ಲಿ ಕೊಡುತ್ತಿದ್ದೇವೆ? ನಮ್ಮವರೆಲ್ಲ ಸಂತರು, ಎದುರಿನವರೆಲ್ಲ ರಾಕ್ಷಸರು, ಆದ್ದರಿಂದ ಇಂದಿನ ನೆರೆಮನೆಯವನನ್ನು ಅನುಮಾನದಿಂದ ನೋಡು ಎಂದೇ? ಹಾಗೆ ಹೇಳಿಕೊಡಲು ಇಂದು ಬೇಕಾದಷ್ಟು ಜನ ಸಿದ್ಧರಿದ್ದಾರೆ. ಅವರಲ್ಲಿ ನಮ್ಮ ಹಿತೈಷಿಗಳು ಎಷ್ಟು ಮಂದಿ ಎಂಬುದನ್ನು ಎಣಿಸಿ ನೋಡಿ. ಗಡೀಪಾರಾದವರ ದುಃಖವನ್ನು ಹಾಡುವ 137ನೇ ಕೀರ್ತನೆ ಶತ್ರುವಿನ ಕೂಸುಗಳ ಮೇಲಿನ ಶಾಪದಲ್ಲಿ ಮುಗಿಯುತ್ತದೆ. ಗುರುಗಳ ಅನುದಿನದ ಪ್ರಾರ್ಥನಾ ಗ್ರಂಥದಲ್ಲಿ ಧರ್ಮಸಭೆ ಆ ಕೊನೆಯ ಚರಣಗಳನ್ನು ಬಿಟ್ಟಿದೆ. ಪವಿತ್ರ ಗ್ರಂಥದಲ್ಲಿ ಮಾತ್ರ ಅವು ಇದ್ದೇ ಇವೆ. ನೊಂದವನು ಅಲ್ಲಿಗೂ ಹೋಗಬಲ್ಲ ಎಂಬುದನ್ನು ನಾವು ಅರಿತಿರಬೇಕು, ಅಲ್ಲಿಗೆ ಮಗುವನ್ನು ಕೈಹಿಡಿದು ಕರೆದೊಯ್ಯಬಾರದು.

ಅಕೇಡಿಯನ್ನರು ತಮ್ಮ ನೆನಪನ್ನು ಏನು ಮಾಡಿಕೊಂಡರು? 1881ರಲ್ಲಿ ಮೆಮ್ರಾಮ್‌ಕುಕ್ ಎಂಬಲ್ಲಿ ಸೇರಿ, ಕ್ವಿಬೆಕ್ಕಿನ ಫ್ರೆಂಚರ ಹಬ್ಬ ನಮಗೆ ಬೇಡ, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಆಗಸ್ಟ್ 15 ನಮ್ಮ ಜನಾಂಗದ ದಿನ ಎಂದು ಬಹಳ ವಾದಿಸಿ ಆರಿಸಿಕೊಂಡರು. 1884ರಲ್ಲಿ ವಂದನೀಯ ಮಾರ್ಸೆಲ್ ಫ್ರಾನ್ಸ್ವಾ ರಿಶಾರ್ ಅವರ ಸೂಚನೆಯಂತೆ ಮೂರು ಬಣ್ಣದ ಧ್ವಜದ ಮೇಲೆ ಹಳದಿ ನಕ್ಷತ್ರವನ್ನಿಟ್ಟರು. ಅದು ಸಮುದ್ರತಾರೆಯಾದ ಮರಿಯಮ್ಮನವರ ಗುರುತು. ಹಡಗಿನಲ್ಲಿ ಎಲ್ಲವನ್ನೂ ಕಳೆದುಕೊಂಡವರು ನಾವಿಕರ ತಾಯಿಯನ್ನು ಆರಿಸಿಕೊಂಡರು. ಆ ಧ್ವಜದಲ್ಲಿ ಖಡ್ಗವಿಲ್ಲ, ಸುಟ್ಟ ಮನೆಯೂ ಇಲ್ಲ. ಆದರೂ ಅವರ ಜಗಳಗಳು ಮುಗಿಯಲಿಲ್ಲ. ಇಂಗ್ಲಿಷ್ ಮಾತಾಡುವ ಧರ್ಮಾಧ್ಯಕ್ಷರ ಕೈಕೆಳಗೆ ತಮ್ಮ ಭಾಷೆಗೆ, ತಮ್ಮವನೊಬ್ಬ ಧರ್ಮಾಧ್ಯಕ್ಷನಾಗುವುದಕ್ಕೆ ಅವರು ದಶಕಗಳ ಕಾಲ ರೋಮಿಗೆ ಮನವಿ ಸಲ್ಲಿಸುತ್ತಾ ಕಾಯಬೇಕಾಯಿತು. ಅದು ಕೈಗೂಡಿದ್ದು 1912ರಲ್ಲಿ. ಈ ಸಾಲನ್ನು ಓದುವಾಗ ನಿಮಗೆ ಬೇರೇನಾದರೂ ನೆನಪಾದರೆ ಅದಕ್ಕೆ ನಾನು ಹೊಣೆಯಲ್ಲ.

ಕೆನಡಾದ ಅರಸೊತ್ತಿಗೆ ಆ ಗಡೀಪಾರನ್ನೂ ಅದರ ಕಷ್ಟಗಳನ್ನೂ ಒಪ್ಪಿಕೊಳ್ಳುವ ಘೋಷಣೆಯನ್ನು ಹೊರಡಿಸಿದ್ದು 2003ರಲ್ಲಿ, 248 ವರ್ಷಗಳ ನಂತರ. ಪರಿಹಾರವಿಲ್ಲ, ಕಾನೂನಿನ ಹೊಣೆಯಿಲ್ಲ. ಜುಲೈ 28 ಸ್ಮರಣೆಯ ದಿನ ಎಂಬುದಷ್ಟೇ. ಅಷ್ಟನ್ನು ಪಡೆಯಲು ಎರಡು ದೇಶಗಳ ಅಕೇಡಿಯನ್ ವಂಶಸ್ಥರು ವರ್ಷಗಟ್ಟಲೆ ಅರ್ಜಿ ಬರೆದರು. ಕಥೆಯ ಹುಡುಗ ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಸರಿಪಡಿಸುತ್ತಾನೆ!

ಆದ್ದರಿಂದ ಮಗುವಿನ ಕೈಯಿಂದ ಪುಸ್ತಕವನ್ನು ಕಿತ್ತುಕೊಳ್ಳಬೇಡಿ. ಓದಿ ಮುಗಿಸಲಿ. ಮುಗಿದ ಸಂಜೆ, ಕುಟುಂಬ ಪ್ರಾರ್ಥನೆಯ ನಂತರ, ಅದೇ ಊರಿಗೆ ಅವನನ್ನು ಇನ್ನೊಮ್ಮೆ ಕರೆದೊಯ್ಯಿರಿ. ಈ ಬಾರಿ ಜಪಸರದ ಮಾಯೆ ಬೇಡ, ಬಿಡಿಸುವ ಕೆಲಸವೂ ಬೇಡ. ವಿನ್ಸ್ಲೋ ತನ್ನ ದಿನಚರಿಯಲ್ಲಿ ಬರೆದಿಟ್ಟ ಪಟ್ಟಿಯ ಬಗ್ಗೆ ಹೇಳಿ. ಮನೆಯ ಯಜಮಾನನ ಹೆಸರು, ಅದರ ಮುಂದೆ ಗಂಡುಮಕ್ಕಳೆಷ್ಟು, ಹೆಣ್ಣುಮಕ್ಕಳೆಷ್ಟು, ಎತ್ತು, ಹಸು, ಕುರಿ, ಹಂದಿ, ಕುದುರೆ ಎಷ್ಟು ಎಂದು ಸಾಲುಸಾಲಾಗಿ ಬರೆದ ಲೆಕ್ಕ ಅದು. ಹೆಂಡತಿಯರ ಹೆಸರುಗಳಿಲ್ಲ, ಮಕ್ಕಳ ಹೆಸರುಗಳೂ ಇಲ್ಲ. ಆ ಪಟ್ಟಿಯಲ್ಲಿ ಲೆಬ್ಲಾಂ ಎಂಬ ಮನೆತನದ ಹೆಸರು ಮತ್ತೆಮತ್ತೆ ಬರುತ್ತದೆ. 1912ರಲ್ಲಿ ಸೇಂಟ್ ಜಾನ್ ಧರ್ಮಪ್ರಾಂತ್ಯದ ಪೀಠವೇರಿದ ಮೊದಲ ಅಕೇಡಿಯನ್ ಧರ್ಮಾಧ್ಯಕ್ಷ ಎದ್ವಾರ್ ಅವರ ಮನೆತನದ ಹೆಸರೂ ಲೆಬ್ಲಾಂ. ಹೆಸರಿಲ್ಲದೆ ಬರೀ ಅಂಕಿಯಾಗಿ ಉಳಿದ ಆ ಮಕ್ಕಳಲ್ಲಿ ಒಬ್ಬನ ಪಕ್ಕದಲ್ಲಿ, ದೇವಾಲಯದ ಗೋಡೆಗೆ ಒರಗಿ, ಬಾಗಿಲು ಮುಚ್ಚುವ ಸದ್ದು ಕೇಳಿಸುವವರೆಗೆ ನಿಮ್ಮ ಮಗನೂ ಸ್ವಲ್ಪ ಹೊತ್ತು ಕುಳಿತಿರಲಿ.